ಸೀರಮ್‌ ಬಾಟಲಿಗೆ ಕರಾವಳಿಯ ಸೆಕೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ವಿಟಮಿನ್‌ ಸಿ, ವಿಟಮಿನ್‌ ಇ, ಗ್ರೀನ್‌ ಟೀ ಎಂದೆಲ್ಲ ಬರೆದಿರುವ ಆಂಟಿಆಕ್ಸಿಡೆಂಟ್‌ ಸೀರಮ್‌ಗಳಿಂದ ಮುಖಕ್ಕೆ ನಿಜಕ್ಕೂ ಪ್ರಯೋಜನ ಇದೆಯೇ ಎಂಬುದು ಬಹುತೇಕ ಎಲ್ಲರ ಪ್ರಶ್ನೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಏಪ್ರಿಲ್‌ ಮೊದಲ ವಾರ 15% ವಿಟಮಿನ್‌ ಸಿ ಸೀರಮ್‌ನ 30 ಮಿ.ಲೀ. ಬಾಟಲಿ ತರಿಸಿದ್ದೆ. ಆಗ ನೀರಿನ ಹಾಗೆ ತಿಳಿಯಾಗಿತ್ತು. ಮಳೆ ಹಿಡಿಯುವಷ್ಟರಲ್ಲಿ ಹಾಲು ಹಾಕದ ಚಾದ ಬಣ್ಣಕ್ಕೆ ತಿರುಗಿದೆ. ತಲೆದಿಂಬಿನ ಬಟ್ಟೆಗೂ ಕಲೆ ಹಿಡಿದಿದೆ. ಅರ್ಧ ಬಾಟಲಿ ಹಾಗೇ ಉಳಿದಿದೆ, ಹಚ್ಚಬಹುದೆ?
— ಓದುಗರು, ಕುಮಟಾ

ಉತ್ತರ: ಬೇಡ, ಚೆಲ್ಲಿಬಿಡಿ. ನೀವು ದುಡ್ಡು ಕೊಟ್ಟು ತಂದ ವಿಟಮಿನ್‌ ಅದರಲ್ಲಿ ಬಹುಪಾಲು ಉಳಿದಿಲ್ಲ.

ಸೀರಮ್‌ನಲ್ಲಿರುವ ಶುದ್ಧ ವಿಟಮಿನ್‌ ಸಿಗೆ ಎಲ್‌-ಆಸ್ಕಾರ್ಬಿಕ್‌ ಆಸಿಡ್‌ ಎಂದು ಹೆಸರು. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಚರ್ಮದಲ್ಲಿ ಫ್ರೀ ರ‍್ಯಾಡಿಕಲ್‌ ಎಂಬ ಪುಂಡ ಅಣುಗಳು ಹುಟ್ಟುತ್ತವೆ. ಅವು ಜೀವಕೋಶದ ಕೊಬ್ಬು, ಪ್ರೋಟೀನ್‌, ಡಿಎನ್‌ಎಗಳಿಂದ ಎಲೆಕ್ಟ್ರಾನ್‌ ಕಿತ್ತುಕೊಳ್ಳುತ್ತವೆ. ವಿಟಮಿನ್‌ ಸಿ ತನ್ನ ಎಲೆಕ್ಟ್ರಾನನ್ನು ತಾನಾಗಿ ಕೊಟ್ಟು ಆ ಹಾವಳಿ ತಡೆಯುತ್ತದೆ. ಆಂಟಿಆಕ್ಸಿಡೆಂಟ್‌ ಎಂದರೆ ಇದೇ. ಆದರೆ ಅಷ್ಟು ಸಲೀಸಾಗಿ ಕೊಡುವ ವಸ್ತು ಬಾಟಲಿಯೊಳಗಿನ ಗಾಳಿಗೂ ಕೊಡುತ್ತದೆ. ಚರ್ಮದಲ್ಲಿ ಅದನ್ನು ಉಪಯುಕ್ತ ಮಾಡುವ ಗುಣವೇ ಬಾಟಲಿಯಲ್ಲಿ ಅದನ್ನು ಕೆಡಿಸುವ ಗುಣ. ಮೊದಲು ಅದು ಡಿಹೈಡ್ರೊಆಸ್ಕಾರ್ಬಿಕ್‌ ಆಸಿಡ್‌ ಆಗುತ್ತದೆ, ಮುಂದೆ ಒಡೆದು ಹಳದಿ, ಕಂದು ವಸ್ತುಗಳಾಗುತ್ತದೆ. ಒಡೆದ ತುಣುಕುಗಳಲ್ಲಿ ಎರಿಥ್ರುಲೋಸ್‌ ಎಂಬ ಸಕ್ಕರೆಯೂ ಇರುತ್ತದೆ. ಚರ್ಮದ ಮೇಲ್ಪದರಕ್ಕೆ ಅಂಟಿ ಬೆರಳ ತುದಿ, ಹುಬ್ಬಿನ ಅಂಚುಗಳಲ್ಲಿ ಕಂದು ಛಾಯೆ ಬಿಡುವುದು ಅದೇ.

ಬಾಳೆಕಾಯಿ ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುತ್ತೀರಲ್ಲ, ಹುಳಿ ಇದ್ದರೆ ಬೇಗ ಕಪ್ಪಾಗುವುದಿಲ್ಲ ಎಂದು. ಸೀರಮ್‌ನಲ್ಲೂ ಹುಳಿಯೇ ಕಾವಲು. ಹುಳಿಯ ಅಳತೆಗೆ ಪಿಎಚ್‌ ಎನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್‌ 3.5ಕ್ಕಿಂತ ಕೆಳಗಿದ್ದರೆ ಎಲ್‌-ಆಸ್ಕಾರ್ಬಿಕ್‌ ಆಸಿಡ್‌ ನಿಧಾನವಾಗಿ ಕೆಡುತ್ತದೆ. ಚರ್ಮದೊಳಗೆ ಇಳಿಯುವುದೂ ಆಗಲೇ. ಹುಳಿ ಕಡಿಮೆಯಾದಂತೆ ಅದರ ಅಣು ವಿದ್ಯುದಂಶ ಹೊತ್ತುಕೊಳ್ಳುತ್ತದೆ, ವಿದ್ಯುದಂಶ ಹೊತ್ತದ್ದಕ್ಕೆ ಚರ್ಮದ ಜಿಡ್ಡಿನ ಹೊರಪದರ ದಾರಿ ಕೊಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಪಿಎಚ್‌ ಪಟ್ಟಿಗೆ ಒಂದು ಹನಿ ಹಾಕಿ ನೀವೇ ನೋಡಬಹುದು. ನೀರಿಲ್ಲದ ಸಿಲಿಕೋನ್‌ ಆಧಾರದ ಸೀರಮ್‌ಗೆ ಮಾತ್ರ ಈ ಪರೀಕ್ಷೆ ನಡೆಯದು.

ಇಷ್ಟಾದ ಮೇಲೂ ಶಾಖ, ಬೆಳಕು, ಗಾಳಿ, ಲೋಹ ಈ ನಾಲ್ಕು ಬಿಡುವುದಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿ ಆಗುತ್ತದೆ ಎಂಬುದು ಸ್ಥೂಲ ಲೆಕ್ಕ. ಚಳಿ ದೇಶದ ಕಪಾಟಿನಲ್ಲಿ ನಾಲ್ಕು ತಿಂಗಳು ಬಾಳುವುದು ಏಪ್ರಿಲ್‌–ಮೇ ಸೆಕೆಯ ಕುಮಟೆಯಲ್ಲಿ ಎರಡು ತಿಂಗಳಿಗೇ ಚಾದ ಬಣ್ಣವಾದರೆ ಆಶ್ಚರ್ಯವಿಲ್ಲ. ಕೊರಿಯರ್‌ ಗಾಡಿಯಲ್ಲಿ ಎರಡು ದಿನ ಬೆಂದು ಬಂದಿದ್ದರೆ ಇನ್ನೂ ಬೇಗ.

ಮುಂದಿನ ಸಲ 30 ಮಿ.ಲೀ. ಬಾಟಲಿ ತರಬೇಡಿ. ಮುಖ, ಕುತ್ತಿಗೆಗೆ ದಿನಕ್ಕೆ ಐದು ಹನಿ ಸಾಕು. ನೀರಿನಂಥ ಸೀರಮ್‌ ಒಂದು ಮಿ.ಲೀ.ಗೆ ಸುಮಾರು 20 ಹನಿ ಬೀಳುತ್ತದೆ. ಅಂದರೆ 30 ಮಿ.ಲೀ.ಗೆ 600 ಹನಿ, ನಾಲ್ಕು ತಿಂಗಳ ಸಾಮಾನು. ಮುಚ್ಚಳ ತೆರೆದ ಮೇಲೆ ಅದು ಅಷ್ಟು ದಿನ ಬಾಳದು. 10 ಅಥವಾ 15 ಮಿ.ಲೀ. ಬಾಟಲಿ ಎರಡು ತಿಂಗಳೊಳಗೆ ಮುಗಿಯುತ್ತದೆ. ತಯಾರಾಗಿ ಮೂರು–ನಾಲ್ಕು ತಿಂಗಳು ದಾಟಿರದದ್ದನ್ನೇ ಕೊಳ್ಳಿ. ಹನಿಗೊಳವೆಯ ಬಾಟಲಿಗಿಂತ ಗಾಳಿ ಒಳಸೇರದ ಪಂಪ್‌ ಬಾಟಲಿ ಒಳ್ಳೆಯದು, ಪಾರದರ್ಶಕ ಗಾಜಿಗಿಂತ ಕಂದು ಗಾಜು ಒಳ್ಳೆಯದು.

ಫ್ರಿಜ್‌ನ ಬಾಗಿಲಲ್ಲಿಡಬೇಡಿ, ಒಳಗಿನ ತಟ್ಟೆಯಲ್ಲಿಡಿ. ಹೊರಗೆ ತೆಗೆದು ಮುಚ್ಚಳ ಬಿಚ್ಚಿಟ್ಟು ಕನ್ನಡಿ ನೋಡುತ್ತ ನಿಂತರೆ ನಮ್ಮ ಮಳೆಗಾಲದ ಒದ್ದೆ ಗಾಳಿ ತಣ್ಣಗಿನ ಗೊಳವೆಯ ಮೇಲೆ ನೀರಾಗಿ ಕೂರುತ್ತದೆ. ಆ ನೀರು ಬಾಟಲಿಗೇ ಇಳಿಯುತ್ತದೆ. ಅಂಗೈಗೆ ಹನಿ ಹಾಕಿಕೊಂಡ ತಕ್ಷಣ ಮುಚ್ಚಿ, ಆಮೇಲೆ ಹಚ್ಚಿ. ಗೊಳವೆಯ ತುದಿ ಕೆನ್ನೆಗೆ ತಾಗದಿರಲಿ. ಹಂಡೆ ಕಾಯುವ ಬಚ್ಚಲುಮನೆಯ ಗೂಡಿನಲ್ಲಂತೂ ಇಡಲೇಬೇಡಿ.

ತಿಳಿ ಹಳದಿ ಬಂದರೆ ಗಾಬರಿಯಿಲ್ಲ, ಬೇಗ ಬೇಗ ಬಳಸಿ ಮುಗಿಸಿ. ಜೇನಿನ ಬಣ್ಣ ದಾಟಿತೆಂದರೆ ಮುಗಿಯಿತು. ಹೊಸತರಲ್ಲೇ ಬಣ್ಣ ಇರುವಂತೆ ಮಾಡಿದ ಸೀರಮ್‌ಗಳೂ ಇವೆ. ತಂದ ದಿನ ಬಿಳಿ ಕಾಗದದ ಮೇಲೆ ಒಂದು ಹನಿಯ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಗುತ್ತದೆ.

ಪ್ರಶ್ನೆ: ಒಂದೇ ಸೀರಮ್‌ನಲ್ಲಿ ವಿಟಮಿನ್‌ ಸಿ, ಇ, ಗ್ರೀನ್‌ ಟೀ, ರೆಸ್ವೆರಟ್ರಾಲ್‌, ಕೋಎನ್‌ಜೈಮ್‌ ಕ್ಯೂ10 ಸೇರಿ ಹನ್ನೆರಡು ಆಂಟಿಆಕ್ಸಿಡೆಂಟ್‌ ಇದೆಯಂತೆ. ‘ವಿಟಮಿನ್‌ ಸಿಗಿಂತ ಎಷ್ಟೋ ಪಟ್ಟು ಶಕ್ತಿಶಾಲಿ’ ಎಂದೂ ಬರೆದಿದ್ದಾರೆ. ಹನ್ನೆರಡೂ ಕೆಲಸ ಮಾಡುತ್ತವೆಯೆ? ಲೇಬಲ್‌ ಓದುವುದು ಹೇಗೆ?
— ಓದುಗರು, ಶಿರಸಿ

ಉತ್ತರ: ‘ಎಷ್ಟೋ ಪಟ್ಟು’ ಎಂಬ ಲೆಕ್ಕ ಸಾಮಾನ್ಯವಾಗಿ ಪ್ರನಾಳದಿಂದ ಬಂದದ್ದು. ಬಣ್ಣದ ದ್ರಾವಣಕ್ಕೆ ಈ ವಸ್ತು ಹಾಕಿ ಬಣ್ಣ ಎಷ್ಟು ಬೇಗ ಮಾಸಿತು ಎಂದು ಅಳೆಯುತ್ತಾರೆ. ಪ್ರನಾಳಕ್ಕೆ ಚರ್ಮವಿಲ್ಲ. ನಮ್ಮ ಮುಖದ ಹೊರಪದರವಾದರೋ ಹೊರಗಿನದನ್ನು ಒಳಗೆ ಬಿಡದಿರಲೆಂದೇ ಇರುವುದು.

ಚರ್ಮ ದಾಟಲು ಅಣುತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ಇರಬೇಕು ಎಂಬ ಅಂದಾಜು ಚರ್ಮವಿಜ್ಞಾನದಲ್ಲಿ ರೂಢಿಯಲ್ಲಿದೆ. ವಿಟಮಿನ್‌ ಸಿ 176, ಫೆರುಲಿಕ್‌ ಆಸಿಡ್‌ (ಸಸ್ಯಗಳಲ್ಲಿರುವ ಇನ್ನೊಂದು ಆಂಟಿಆಕ್ಸಿಡೆಂಟ್‌) 194, ರೆಸ್ವೆರಟ್ರಾಲ್‌ 228, ವಿಟಮಿನ್‌ ಇ 431. ಗ್ರೀನ್‌ ಟೀಯ ಮುಖ್ಯ ಅಂಶ ಇಜಿಸಿಜಿ 458, ಅಂಚಿನಲ್ಲಿದೆ. ಕೋಎನ್‌ಜೈಮ್‌ ಕ್ಯೂ10 ಅಂತೂ 863. ತೂಕವೊಂದೇ ಸಾಲದು, ಎಣ್ಣೆಯಲ್ಲಿ ಕರಗುತ್ತದೋ ನೀರಿನಲ್ಲೋ ಎಂಬುದೂ ಸೇರುತ್ತದೆ. ಆದರೂ ಹನ್ನೆರಡು ಹೆಸರುಗಳ ಪಟ್ಟಿಯನ್ನು ಈ ಜರಡಿಗೆ ಹಾಕಿದರೆ ಉಳಿಯುವವು ಕೆಲವೇ.

ಈ ಕೆಲವುಗಳಲ್ಲಿ ಸಾಕ್ಷ್ಯ ಗಟ್ಟಿಯಾಗಿರುವುದು ವಿಟಮಿನ್‌ ಸಿ, ಇ, ಫೆರುಲಿಕ್‌ ಆಸಿಡ್‌ ಮೂರರ ಕೂಟಕ್ಕೆ. ಅಮೆರಿಕದ ಡ್ಯೂಕ್‌ ವಿಶ್ವವಿದ್ಯಾಲಯದಲ್ಲಿ ಶೆಲ್ಡನ್‌ ಪಿನ್ನೆಲ್‌ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2001ರಲ್ಲಿ ಅವರು ಹಂದಿಯ ಚರ್ಮದ ಮೇಲೆ ತೋರಿಸಿದ್ದು ಇದು: ಎಲ್‌-ಆಸ್ಕಾರ್ಬಿಕ್‌ ಆಸಿಡ್‌ ಒಳಗಿಳಿಯಲು ಪಿಎಚ್‌ 3.5ಕ್ಕಿಂತ ಕೆಳಗಿರಬೇಕು, 20% ದಾಟಿದರೆ ಹೆಚ್ಚಿನ ಲಾಭವಿಲ್ಲ, ದಿನಕ್ಕೊಮ್ಮೆಯಂತೆ ಮೂರು ದಿನ ಹಚ್ಚಿದರೆ ಚರ್ಮ ತುಂಬಿಕೊಳ್ಳುತ್ತದೆ, ಆಮೇಲೆ ಅದು ಅರ್ಧಕ್ಕಿಳಿಯಲು ಸುಮಾರು ನಾಲ್ಕು ದಿನ ಬೇಕು. ಹಾಗಾಗಿ ಒಂದು ದಿನ ತಪ್ಪಿದರೆ ನಷ್ಟವಿಲ್ಲ, ದಿನಕ್ಕೆ ಮೂರು ಸಲ ಬಳಿದುಕೊಂಡರೆ ಲಾಭವೂ ಇಲ್ಲ. 2005ರಲ್ಲಿ ಅದೇ ಗುಂಪು 15% ವಿಟಮಿನ್‌ ಸಿ, 1% ವಿಟಮಿನ್‌ ಇ ಇದ್ದ ದ್ರಾವಣಕ್ಕೆ 0.5% ಫೆರುಲಿಕ್‌ ಆಸಿಡ್‌ ಸೇರಿಸಿತು. ಬಿಸಿಲಿನ ಸುಡುವಿಕೆಯಿಂದ ಸಿಗುವ ರಕ್ಷಣೆ ನಾಲ್ಕು ಪಟ್ಟಿನಿಂದ ಸುಮಾರು ಎಂಟು ಪಟ್ಟಿಗೆ ಏರಿತು, ದ್ರಾವಣವೂ ಹೆಚ್ಚು ಕಾಲ ಕೆಡದೆ ನಿಂತಿತು. 2008ರಲ್ಲಿ ಇದೇ ಮಿಶ್ರಣವನ್ನು ಮನುಷ್ಯರ ಚರ್ಮದ ಮೇಲೆ ಪರೀಕ್ಷಿಸಿದಾಗಲೂ ಕೆಂಪಾಗುವಿಕೆ ಮತ್ತು ಡಿಎನ್‌ಎ ಹಾನಿ ತಗ್ಗಿದ್ದು ಕಂಡಿತು. ಆದರೆ ಇವು ಪ್ರಯೋಗಶಾಲೆಯ ದೀಪದಡಿ, ಸಣ್ಣ ಚರ್ಮದ ತುಂಡಿನ ಮೇಲೆ, ಕೆಲವೇ ದಿನ ನಡೆದ ಪ್ರಯೋಗಗಳು. ‘ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ’ ಎಂಬ ಜಾಹೀರಾತಿಗೆ ಇವು ಆಧಾರವಾಗಲಾರವು.

ಈಗ ಲೇಬಲ್‌. 2020ರ ಕಾಸ್ಮೆಟಿಕ್ಸ್‌ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ 1%ಗಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲೇ ಬರೆಯಬೇಕು. 1% ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಆ ಗೆರೆ ಎಲ್ಲಿದೆಯೆಂದು ತಿಳಿಯಲು ಫೀನಾಕ್ಸಿಎಥನಾಲ್‌ ಎಂಬ ಹೆಸರು ಹುಡುಕಿ. ಸೀರಮ್‌ ಕೆಡದಂತೆ ಹಾಕುವ ಈ ವಸ್ತು 1% ಮೀರುವಂತಿಲ್ಲ. ಅದರ ನಂತರ ಬಂದದ್ದೆಲ್ಲ 1% ಅಥವಾ ಇನ್ನೂ ಕಡಿಮೆ. ಫೆರುಲಿಕ್‌ ಆಸಿಡ್‌, ವಿಟಮಿನ್‌ ಇ ಅಲ್ಲಿದ್ದರೆ ತಪ್ಪಿಲ್ಲ, ಅವುಗಳ ಪ್ರಮಾಣವೇ ಅಷ್ಟು. ಆಸ್ಕಾರ್ಬಿಕ್‌ ಆಸಿಡ್‌ ಅಲ್ಲಿದ್ದರೆ ಅದು ಲೇಬಲ್‌ಗೆ ಹಾಕಿದ್ದು, ಮುಖಕ್ಕಲ್ಲ. ಹನ್ನೆರಡು ಹೆಸರುಗಳಲ್ಲಿ ಹತ್ತು ಆ ಗೆರೆಯ ಕೆಳಗೇ ಇರುತ್ತವೆ ಎಂದು ಧೈರ್ಯವಾಗಿ ಊಹಿಸಬಹುದು.

ಇನ್ನೊಂದು ಗೊಂದಲ ‘ವಿಟಮಿನ್‌ ಸಿ’ ಎಂಬ ಮಾತಿನದೇ. ಮೆಗ್ನೀಸಿಯಂ ಆಸ್ಕಾರ್ಬಿಲ್‌ ಫಾಸ್ಫೇಟ್‌, ಆಸ್ಕಾರ್ಬಿಲ್‌ ಗ್ಲುಕೋಸೈಡ್‌, 3-ಒ-ಎಥಿಲ್‌ ಆಸ್ಕಾರ್ಬಿಕ್‌ ಆಸಿಡ್‌ ಮುಂತಾದವು ವಿಟಮಿನ್‌ ಸಿಯ ಬದಲಿ ರೂಪಗಳು. ಬಾಟಲಿಯಲ್ಲಿ ಚೆನ್ನಾಗಿ ಬಾಳುತ್ತವೆ, ಉರಿಯೂ ಕಡಿಮೆ. ಚರ್ಮದೊಳಗೆ ಹೋಗಿ ಮತ್ತೆ ನಿಜವಾದ ವಿಟಮಿನ್‌ ಸಿ ಆಗಬೇಕು, ತೊಡಕು ಅಲ್ಲಿದೆ. 2001ರ ಅದೇ ಪ್ರಯೋಗದಲ್ಲಿ ಮೆಗ್ನೀಸಿಯಂ ಆಸ್ಕಾರ್ಬಿಲ್‌ ಫಾಸ್ಫೇಟ್‌ ಮತ್ತು ಆಸ್ಕಾರ್ಬಿಲ್‌ ಪಾಲ್ಮಿಟೇಟ್‌ ಚರ್ಮದ ವಿಟಮಿನ್‌ ಸಿ ಮಟ್ಟವನ್ನು ಏರಿಸಲಿಲ್ಲ. ಶಿರಸಿಯ ಹವೆ ಕೆಳಗಿನ ಕರಾವಳಿಗಿಂತ ತಂಪು, ಮನೆಯಲ್ಲಿ ಫ್ರಿಜ್‌ ಇದ್ದರೆ 10ರಿಂದ 15% ಎಲ್‌-ಆಸ್ಕಾರ್ಬಿಕ್‌ ಆಸಿಡ್‌ ಜೊತೆ ಇ ಮತ್ತು ಫೆರುಲಿಕ್‌ ಇರುವುದನ್ನೇ ಆರಿಸಿ. ಚರ್ಮ ತೀರಾ ಸೂಕ್ಷ್ಮವಾಗಿದ್ದರೆ 5% ನಯಾಸಿನಮೈಡ್‌ (ವಿಟಮಿನ್‌ ಬಿ3ಯ ಒಂದು ರೂಪ) ನಮ್ಮ ಎರಡನೇ ಆಯ್ಕೆ. ಅದು ಮೊದಲನೆಯದಾಗಿ ಆಂಟಿಆಕ್ಸಿಡೆಂಟ್‌ ಅಲ್ಲ, ಆದರೆ ಕಲೆ ಮತ್ತು ನವಿರು ಗೆರೆಗಳ ಮೇಲೆ 12 ವಾರಗಳ ಪ್ರಯೋಗದಲ್ಲಿ ಅದರ ಪರಿಣಾಮ ಕಂಡಿದೆ. ಗಾಳಿ ತಾಗಿ ಬೇಗ ಕೆಡುವುದಿಲ್ಲ, ಅಗ್ಗವೂ ಹೌದು.

ಪ್ರಶ್ನೆ: ನನ್ನ ಆಯಿ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಯಲಲ್ಲೇ. ಎರಡೂ ಕೆನ್ನೆಗೆ ಬಂಗು ಬಂದಿದೆ. ನನ್ನ ಮೊದಲ ಸಂಬಳದಲ್ಲಿ ಅವರಿಗೊಂದು ಒಳ್ಳೆಯ ಸೀರಮ್‌ ಕೊಡಿಸಬೇಕೆಂದಿದ್ದೇನೆ. ಯಾವುದು ತರಲಿ?
— ಓದುಗರು, ಕಾರವಾರ

ಉತ್ತರ: ಆ ಸಂಬಳದ ದುಡ್ಡಿಗೆ ಮೊದಲು ಸನ್‌ಸ್ಕ್ರೀನ್‌ ತನ್ನಿ, ದೊಡ್ಡ ಕೊಡೆ ತನ್ನಿ. ಸೀರಮ್‌ ಆಮೇಲೆ.

ಬಂಗು ಬಿಸಿಲಿನ ಬೆಳಕಿಗೆ ಹೆಚ್ಚುವ ಕಲೆ. ಕಾರವಾರ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದೆ, ಏಪ್ರಿಲ್‌ ಕೊನೆಗೆ ಮತ್ತು ಆಗಸ್ಟ್‌ ನಡುವಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಳೆಗಾಲದ ತೆಳು ಮೋಡವೂ ಅತಿನೇರಳೆ ಕಿರಣವನ್ನು ಸಾಕಷ್ಟು ಬಿಡುತ್ತದೆ. ಸನ್‌ಸ್ಕ್ರೀನ್‌ ಆ ಕಿರಣವನ್ನು ಬಾಗಿಲಲ್ಲೇ ತಡೆಯುತ್ತದೆ. ಆಂಟಿಆಕ್ಸಿಡೆಂಟ್‌ ಸೀರಮ್‌ ನುಸುಳಿ ಬಂದದ್ದನ್ನು ನೋಡಿಕೊಳ್ಳುತ್ತದೆ. ಬಾಗಿಲು ತೆರೆದಿಟ್ಟು ಒಳಗೆ ಎಷ್ಟು ಗುಡಿಸಿದರೂ ಫಲವಿಲ್ಲ.

ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದನ್ನು ಸಾದಾ ಸನ್‌ಸ್ಕ್ರೀನ್‌ ಅಷ್ಟಾಗಿ ತಡೆಯದು. ಐರನ್‌ ಆಕ್ಸೈಡ್‌ ಇರುವ, ಚರ್ಮದ ಬಣ್ಣದ ಟಿಂಟೆಡ್‌ ಸನ್‌ಸ್ಕ್ರೀನ್‌ ತನ್ನಿ. ಎಸ್‌ಪಿಎಫ್‌ 50, ನೀರಿಗೆ ತಡೆಯುವಂಥದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಬೇಕಾದಷ್ಟಾಯಿತು. ಕಡಲೆಕಾಳಿನಷ್ಟು ಹಚ್ಚಿದರೆ ಲೇಬಲ್‌ ಮೇಲಿನ 50 ಸಿಗುವುದಿಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೀನಿನ ಕೈಯಲ್ಲಿ ಮುಖ ಮುಟ್ಟುವಂತಿಲ್ಲವಾದ್ದರಿಂದ ಅದಕ್ಕೆ ಸ್ಟಿಕ್‌ ರೂಪದ್ದು ಅನುಕೂಲ. ಬೆವರು ಬಟ್ಟೆಯಲ್ಲಿ ಒತ್ತಿಕೊಂಡು, ಪ್ರತಿ ಕೆನ್ನೆಗೆ ನಾಲ್ಕು ಸಲ ಹಿಂದೆ ಮುಂದೆ ಎಳೆದರೆ ಸಾಕು, ಬೆರಳು ತಾಗಿಸುವುದೇ ಬೇಡ. ಸೆರಗನ್ನು ಹಣೆ ಮೇಲೆ ಮುಂದಕ್ಕೆ ಎಳೆದುಕೊಂಡರೂ ಉಪಕಾರವಿದೆ.

ಎರಡು ತಿಂಗಳು ಇದು ಅಭ್ಯಾಸವಾದ ಮೇಲೆ ಬೆಳಿಗ್ಗೆ ಸನ್‌ಸ್ಕ್ರೀನ್‌ ಕೆಳಗೆ ವಿಟಮಿನ್‌ ಸಿ ಸೇರಿಸಬಹುದು. ಬಂಗು ಅದರಿಂದ ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಹೋಗುತ್ತದೆಂದು ಆಯಿಗೆ ಆಸೆ ಹುಟ್ಟಿಸಬೇಡಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿಗೆ ಒಮ್ಮೆ ತೋರಿಸಿ.

ಒಂದು ಮಾತು ಒತ್ತಿ ಹೇಳಬೇಕು. ‘ಬಂಗಿಗೆ ಒಳ್ಳೆಯದು’ ಎಂದು ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ಸಣ್ಣ ಟ್ಯೂಬ್‌ನಲ್ಲಿ ಮೊಮೆಟಾಸೋನ್‌, ಬೀಟಾಮೆಥಾಸೋನ್‌, ಕ್ಲೊಬೆಟಾಸಾಲ್‌ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್‌. ವಾರದೊಳಗೆ ಮುಖ ಬೆಳ್ಳಗಾಗುತ್ತದೆ, ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ಕೆಂಪು ನರ ಕಂಡು, ಬಿಸಿಲಿಗೆ ಹೋದರೆ ಉರಿಯತೊಡಗುತ್ತದೆ. 2018ರಿಂದ ಇಂಥ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ. ಆಯಿ ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರ ಬಳಿ ಹೋಗಿ ಹಂತಹಂತವಾಗಿ ಬಿಡಿಸಿ.

ಪ್ರಶ್ನೆ: ನಮ್ಮ ತೋಟದಲ್ಲೇ ಲಿಂಬೆ, ನೆಲ್ಲಿ, ಮುರುಗಲು (ಕೋಕಂ) ಇವೆ. ಅಂಗಡಿಯ ಸೀರಮ್‌ ಯಾಕೆ? ಲಿಂಬೆ ರಸ ಹಚ್ಚಿದರೆ, ಅಥವಾ ಚೀಪುವ ವಿಟಮಿನ್‌ ಸಿ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕಲಸಿದರೆ ಆಗದೆ?
— ಓದುಗರು, ಹೊನ್ನಾವರ

ಉತ್ತರ: ಲಿಂಬೆ ರಸ ಮುಖಕ್ಕೆ ಹಚ್ಚಲೇಬೇಡಿ. 100 ಮಿ.ಲೀ. ರಸದಲ್ಲಿರುವ ವಿಟಮಿನ್‌ ಸಿ 30ರಿಂದ 50 ಮಿಲಿಗ್ರಾಂ. 15% ಸೀರಮ್‌ನ ಅಷ್ಟೇ ಪ್ರಮಾಣದಲ್ಲಿ 15 ಗ್ರಾಂ. ಕಡಿಮೆಯೆಂದರೂ ಮುನ್ನೂರು ಪಟ್ಟು ವ್ಯತ್ಯಾಸ. ರಸದ ಪಿಎಚ್‌ ಮಾತ್ರ 2ರ ಹತ್ತಿರ, ಅಂದರೆ ಲಾಭವಿಲ್ಲದೆ ಉರಿ ಮಾತ್ರ. ಅದಕ್ಕಿಂತ ಕೆಟ್ಟದ್ದು, ಲಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಫ್ಯೂರೊಕೌಮರಿನ್‌ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ತಾಗಿದರೆ ಒಂದೆರಡು ದಿನದಲ್ಲಿ ಸುಟ್ಟ ಬೊಬ್ಬೆ ಏಳಬಹುದು, ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ನೆಲ್ಲಿಕಾಯಿಯಲ್ಲಿ ವಿಟಮಿನ್‌ ಸಿ ಹೆಚ್ಚು, ಆದರೂ 100 ಗ್ರಾಂಗೆ ಅರ್ಧ ಗ್ರಾಂ ಆಸುಪಾಸು. ಅದನ್ನು ತಿನ್ನಿ, ದೇಹಕ್ಕೆ ಒಳ್ಳೆಯದು.

ಚೀಪುವ ಮಾತ್ರೆಯಲ್ಲಿ ಸಕ್ಕರೆ, ಬಣ್ಣ, ಪರಿಮಳ ಇರುತ್ತವೆ. ವಿಟಮಿನ್‌ ಸಿಯ ಬಹುಭಾಗ ಸಾಮಾನ್ಯವಾಗಿ ಸೋಡಿಯಂ ಆಸ್ಕಾರ್ಬೇಟ್‌ ರೂಪದಲ್ಲಿರುತ್ತದೆ. ಅದು ವಿದ್ಯುದಂಶ ಹೊತ್ತ ರೂಪ, ಚರ್ಮದೊಳಗೆ ಇಳಿಯುವುದಿಲ್ಲ. ಶುದ್ಧ ಪುಡಿ ತಂದು 10 ಮಿ.ಲೀ. ನೀರಿಗೆ ಒಂದೂವರೆ ಗ್ರಾಂ ಹಾಕಿದರೆ ಲೆಕ್ಕಕ್ಕೆ 15%ರ ಹತ್ತಿರ ಆಗುತ್ತದೆ, ನಿಜ. ಆದರೆ ಪಿಎಚ್‌ 3ಕ್ಕಿಂತ ಬಹಳ ಕೆಳಗಿಳಿಯುತ್ತದೆ. ಚಮಚದಲ್ಲಿ ಅಳೆದರೆ ಪ್ರಮಾಣ ತಪ್ಪುತ್ತದೆ. ಚಿರೆಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು. ಕಬ್ಬಿಣದ ಸೋಂಕು ಸಾಕು, ವಿಟಮಿನ್‌ ಸಿ ದಿನಗಳಲ್ಲೇ ಕಂದಾಗುತ್ತದೆ. ಕೆಡದಂತೆ ಕಾಯುವ ವಸ್ತುವೂ ಅದರಲ್ಲಿಲ್ಲ.

ಮುರುಗಲು ತುಪ್ಪದ ಮಾತು ಬೇರೆ. ಅದು ಬೀಜದ ಕೊಬ್ಬು. ಒಡೆದ ಹಿಮ್ಮಡಿಗೆ, ತುಟಿಗೆ, ಒಣಗಿದ ಮೊಣಕೈಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಮುರುಗಲಿನ ಆಂಟಿಆಕ್ಸಿಡೆಂಟ್‌ ಎಂದು ಹೆಸರಾದ ಗಾರ್ಸಿನಾಲ್‌ ಇರುವುದು ಹಣ್ಣಿನ ಸಿಪ್ಪೆಯಲ್ಲಿ. ತುಪ್ಪವನ್ನು ಸೀರಮ್‌ನ ಬದಲಿಗೆ ಎಣಿಸಬೇಡಿ.

ಪ್ರಶ್ನೆ: ಬಸುರಿ ಹೆಂಗಸರು ವಿಟಮಿನ್‌ ಸಿ ಸೀರಮ್‌ ಹಚ್ಚಬಹುದೆ?
— ಓದುಗರು, ಯಲ್ಲಾಪುರ

ಉತ್ತರ: ಹಚ್ಚಬಹುದು. ನಯಾಸಿನಮೈಡ್‌ ಕೂಡ. ವಿಟಮಿನ್‌ ಎಗೆ ಸಂಬಂಧಿಸಿದ ರೆಟಿನಾಲ್‌, ಟ್ರೆಟಿನಾಯಿನ್‌, ಅಡಾಪಲಿನ್‌ ಇರುವ ಯಾವುದೂ ಬೇಡ. ‘ರೆಟಿನ್‌’ ಎಂದು ಶುರುವಾಗುವ ಹೆಸರು ಕಂಡರೆ ಬದಿಗಿಡಿ.

ಪ್ರಶ್ನೆ: ಮೊಡವೆಗೆ ಬೆನ್ಝಾಯಿಲ್‌ ಪೆರಾಕ್ಸೈಡ್‌, ರಾತ್ರಿ ರೆಟಿನಾಲ್‌, ಜೊತೆಗೆ 20% ವಿಟಮಿನ್‌ ಸಿ ಶುರುಮಾಡಿದೆ. ಮೂರನೇ ದಿನಕ್ಕೆ ಮುಖ ಕೆಂಪಾಗಿ ಉರಿಯುತ್ತಿದೆ. ವಿಟಮಿನ್‌ ಸಿ ನನಗೆ ಆಗುವುದಿಲ್ಲವೆ?
— ಓದುಗರು, ಅಂಕೋಲಾ

ಉತ್ತರ: ಮೂರನ್ನೂ ಒಟ್ಟಿಗೆ ತಂದದ್ದೇ ಕಾರಣವಿರಬೇಕು. ಒಂದು ವಾರ ಎಲ್ಲ ನಿಲ್ಲಿಸಿ. ಸೌಮ್ಯ ಫೇಸ್‌ವಾಶ್‌, ಪರಿಮಳವಿಲ್ಲದ ಮಾಯಿಶ್ಚರೈಸರ್‌, ಸನ್‌ಸ್ಕ್ರೀನ್‌ ಮಾತ್ರ. ಉರಿ ಪೂರ್ತಿ ಇಳಿದ ಮೇಲೆ ಮೊಡವೆಯ ಔಷಧಿಯನ್ನು ಮೊದಲು ಮರಳಿ ತನ್ನಿ, ರಾತ್ರಿ ಹೊತ್ತು. ಬೆನ್ಝಾಯಿಲ್‌ ಪೆರಾಕ್ಸೈಡ್‌ ಸ್ವತಃ ಆಕ್ಸಿಡೈಸ್‌ ಮಾಡುವ ವಸ್ತು, ವಿಟಮಿನ್‌ ಸಿ ಜೊತೆ ಒಂದೇ ಹೊತ್ತಿಗೆ ಹಚ್ಚಿದರೆ ವಿಟಮಿನ್‌ ಸಿಯನ್ನು ಚರ್ಮದ ಮೇಲೇ ತಿಂದುಹಾಕುತ್ತದೆ. ರೆಟಿನಾಲ್‌ ಅದರ ಜೊತೆಗಲ್ಲ, ಬೇರೆ ರಾತ್ರಿ.

ವಿಟಮಿನ್‌ ಸಿ ಕೊನೆಗೆ, 20% ಅಲ್ಲ, 10%. ಮೊದಲು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ ನೋಡಿ. ತುರಿಕೆ, ಗುಳ್ಳೆ ಬರದಿದ್ದರೆ ಮುಖಕ್ಕೆ ದಿನ ಬಿಟ್ಟು ದಿನ, ಬೆಳಿಗ್ಗೆ. ಮುಖ ತೊಳೆದು ಪೂರ್ತಿ ಒಣಗಲಿ, ಒದ್ದೆ ಚರ್ಮದ ಮೇಲೆ ಹುಳಿ ಹೆಚ್ಚು ಚುರುಗುಡುತ್ತದೆ. ಮೂಗಿನ ಪಕ್ಕ ಮತ್ತು ತುಟಿಯ ಮೂಲೆಗೆ ಮೊದಲೇ ಸ್ವಲ್ಪ ವ್ಯಾಸಲೀನ್‌ ಸವರಿ. ಹಚ್ಚಿದ ಒಂದೆರಡು ನಿಮಿಷ ಚುರುಗುಟ್ಟುವುದು ಸಹಜ. ಹತ್ತು ನಿಮಿಷವಾದರೂ ಉರಿದರೆ ತೊಳೆಯಿರಿ.

ಪ್ರಶ್ನೆ: ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಎಷ್ಟು ದಿನಕ್ಕೆ ತಿಳಿಯುತ್ತದೆ?
— ಓದುಗರು, ಸಿದ್ದಾಪುರ

ಉತ್ತರ: 12 ವಾರ ಕೊಡಿ. ಮೊದಲ ವಾರವೇ ಕಾಣುವ ಹೊಳಪು ತೇವಾಂಶದ್ದು, ಗ್ಲಿಸರಿನ್‌ ಹಚ್ಚಿದರೂ ಬರುತ್ತದೆ. ಕನ್ನಡಿ ನಂಬಬೇಡಿ. ಶುರುಮಾಡುವ ದಿನ ಒಂದು ಕಿಟಕಿಯ ಪಕ್ಕ, ಬೆಳಿಗ್ಗೆ ಒಂದು ಗೊತ್ತಾದ ಹೊತ್ತಿಗೆ, ಫೋನಿನ ಬ್ಯೂಟಿ ಫಿಲ್ಟರ್‌ ಆರಿಸಿ ಎದುರಿನಿಂದ ಮತ್ತು ಎರಡೂ ಪಕ್ಕದಿಂದ ಮೂರು ಫೋಟೊ ತೆಗೆಯಿರಿ. ನಾಲ್ಕು ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು. ಮೇ ತಿಂಗಳ ಬಿಸಿಲಿನ ಫೋಟೊವನ್ನು ಜುಲೈ ಮೋಡದ ಬೆಳಕಿನದಕ್ಕೆ ಹೋಲಿಸಿದರೆ ಎಲ್ಲರ ಬಂಗೂ ಮಾಸಿದಂತೆ ಕಾಣುತ್ತದೆ. ಹಾಗಾಗಿ ಮಳೆಗಾಲದ ಮೊದಲು ಶುರುಮಾಡುವವರು ಕಿಟಕಿ ಬಿಟ್ಟು ಒಂದೇ ಟ್ಯೂಬ್‌ಲೈಟ್‌ ಕೆಳಗೆ, ರಾತ್ರಿ ತೆಗೆಯುವುದು ಒಳ್ಳೆಯದು. ಮೂರು ತಿಂಗಳಿಗೆ ಕಲೆಯ ಅಂಚಿನಲ್ಲಾಗಲಿ, ಕಣ್ಣಿನ ಬದಿಯ ಸಣ್ಣ ಗೆರೆಯಲ್ಲಾಗಲಿ ವ್ಯತ್ಯಾಸ ಕಾಣದಿದ್ದರೆ, ಬಾಟಲಿಯ ಬಣ್ಣವೂ ಕೆಟ್ಟಿರದಿದ್ದರೆ, ಅದನ್ನು ಮುಗಿಸಿ ಬಿಟ್ಟುಬಿಡಿ. ಎರಡನೆಯದನ್ನು ತರಬೇಡಿ. ಆ ದುಡ್ಡಿಗೆ ಸನ್‌ಸ್ಕ್ರೀನ್‌ನ ಇನ್ನೊಂದು ಟ್ಯೂಬ್‌ ಬರುತ್ತದೆ.